ರಾಜದೂತ ಮಂತ್ರಿಯಾದಾಗ: ಥಾಯ್ಲೆಂಡಿನ ಥನತ್ ಖೋಮನ್



ಥಾಯ್ಲೆಂಡ್ ಅಂದರೆ ನಮಗೆ ಬಹು ದೂರದ ದೇಶ. ಆದರೆ ಅಲ್ಲಿಯ ಸರ್ಕಾರಿ ಶಬ್ದ ಕೆಲವು ಕಿವಿಗೆ ಬಿದ್ದರೆ ನೀವು ತಟ್ಟನೆ ಗುರುತು ಹಿಡಿಯುತ್ತೀರಿ. ಪರದೇಶಕ್ಕೆ ಕಳಿಸುವ ರಾಯಭಾರಿಯನ್ನು ಅವರು 'ರಾಚಥೂತ್' ಅನ್ನುತ್ತಾರೆ. ಅದು ನಮ್ಮ ರಾಜದೂತನೇ. ಸರ್ಕಾರದ ಮಂತ್ರಿಗೆ 'ರತ್ಥಮೊಂತ್ರಿ' ಅನ್ನುತ್ತಾರೆ, ಅಂದರೆ ರಾಷ್ಟ್ರಮಂತ್ರಿ. ಸಂಸ್ಕೃತ, ಪಾಲಿ ಶಬ್ದಗಳು ಸಮುದ್ರ ದಾಟಿ ಹೋಗಿ ಅಲ್ಲಿಯ ನಾಲಿಗೆಗೆ ತಕ್ಕಂತೆ ಸವೆದಿವೆ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮಂಥವರಿಗೆ ಶಬ್ದಗಳ ಈ ಸಂಚಾರ ಹೊಸತಲ್ಲ.

ಇವತ್ತು ನಾನು ಹೇಳಹೊರಟಿರುವುದು ಮೊದಲು ರಾಚಥೂತ್ ಆಗಿದ್ದು ಆಮೇಲೆ ರತ್ಥಮೊಂತ್ರಿಯಾದ ಒಬ್ಬರ ವಿಷಯ. ಅವರ ಹೆಸರು ಥನತ್ ಖೋಮನ್. ದೂತ ಮತ್ತು ಮಂತ್ರಿ, ಈ ಎರಡು ಕೆಲಸಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಇಬ್ಬರೂ ಸೂಟು ಹಾಕುತ್ತಾರೆ, ಇಬ್ಬರೂ ಕೈಕುಲುಕುತ್ತಾರೆ. ಆದರೆ ದೂತ ಒಯ್ಯುವುದು ಬೇರೆಯವರ ಮಾತು, ಮಂತ್ರಿ ಆಡುವುದು ತನ್ನ ಮಾತು. ಬ್ಯಾಂಕಿನಲ್ಲಿ ವೋಚರು ಬರೆಯುವವನೇ ಬೇರೆ, ಅದರ ಮೇಲೆ ಸಹಿ ಹಾಕಿ ಹೊಣೆ ಹೊರುವವನೇ ಬೇರೆ. ನಾನು ಮೂವತ್ತು ವರ್ಷಕ್ಕೂ ಮೇಲೆ ಮೊದಲನೆಯ ಜಾತಿಯವನಾಗಿ ದುಡಿದವನು. ಆದ್ದರಿಂದ ಎರಡನೆಯ ಕುರ್ಚಿಗೆ ಹೋದವರ ಬಗ್ಗೆ ನನಗೆ ಮೊದಲಿನಿಂದಲೂ ಕುತೂಹಲ.

ಥನತ್ ಹುಟ್ಟಿದ್ದು 1914ರ ಮೇ ತಿಂಗಳಲ್ಲಿ, ಬ್ಯಾಂಕಾಕಿನಲ್ಲಿ. ಚೀನೀ ಮೂಲದ ಥಾಯ್ ಮನೆತನ. ಫ್ರಾನ್ಸಿಗೆ ಹೋಗಿ ಕಾನೂನು ಓದಿ ಡಾಕ್ಟರೇಟ್ ಪಡೆದು, 1940ರಲ್ಲಿ ವಿದೇಶಾಂಗ ಇಲಾಖೆಯ ನೌಕರಿ ಸೇರಿದರು. ಜಗತ್ತಿನ ಯುದ್ಧದ ಕಾಲ. ಅವರನ್ನು ಹಾಕಿದ್ದು ಜಪಾನಿನ ಟೋಕಿಯೋ ರಾಯಭಾರ ಕಚೇರಿಗೆ.

1941ರ ಡಿಸೆಂಬರ್ 8ರಂದು ಜಪಾನಿನ ಸೈನ್ಯ ಥಾಯ್ಲೆಂಡಿನೊಳಗೆ ಇಳಿಯಿತು. ಅಲ್ಲಿಯ ಪ್ರಧಾನಿ ಫಿಬುನ್ ಸೋಂಗ್‌ಖ್ರಾಮ್ ಜಪಾನಿನ ಜೊತೆ ಕೈ ಜೋಡಿಸಿ, 1942ರ ಜನವರಿಯಲ್ಲಿ ಅಮೆರಿಕ, ಬ್ರಿಟನ್ ಮೇಲೆ ಯುದ್ಧ ಸಾರಿದರು. ಆಗ ವಾಷಿಂಗ್ಟನ್ನಿನಲ್ಲಿದ್ದ ಥಾಯ್ ರಾಯಭಾರಿ ಸೇನಿ ಪ್ರಮೋಜ್ ಯುದ್ಧಸಾರಿಕೆಯ ಆ ಕಾಗದವನ್ನು ಅಮೆರಿಕ ಸರ್ಕಾರಕ್ಕೆ ಕೊಡಲೇ ಇಲ್ಲ. ದೂತನಾದವನು ಕೊಟ್ಟ ಕಾಗದ ಮುಟ್ಟಿಸಲೇಬೇಕು, ಇವರು ಮುಟ್ಟಿಸಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕ ಥಾಯ್ಲೆಂಡನ್ನು ಸೋತ ಶತ್ರುವಿನಂತೆ ಕಾಣದಿರಲು ಇದೂ ಒಂದು ಕಾರಣವಾಯಿತು. ಸೇನಿಯವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾರೆ.

ಇತ್ತ ಬ್ಯಾಂಕಾಕಿನಲ್ಲಿ ಪ್ರೀದಿ ಫನೋಮ್ಯೋಂಗ್ ಎಂಬವರ ಮುಂದಾಳುತನದಲ್ಲಿ 'ಸೇರಿ ಥಾಯ್', ಅಂದರೆ ಸ್ವತಂತ್ರ ಥಾಯ್ ಎಂಬ ಗುಪ್ತ ಚಳವಳಿ ನಡೆದಿತ್ತು. ತಮಾಷೆಯೆಂದರೆ ಪ್ರೀದಿಯವರು ರಾಜಪ್ರತಿನಿಧಿಯ ಸ್ಥಾನದಲ್ಲಿ ಕುಳಿತೇ ಇದನ್ನು ನಡೆಸುತ್ತಿದ್ದರು. ಟೋಕಿಯೋದಿಂದ ಹಿಂತಿರುಗಿದ ಥನತ್ ಇದರೊಳಗೆ ಸೇರಿದರು. 1945ರ ಮೊದಲ ತಿಂಗಳುಗಳಲ್ಲಿ ಮಿತ್ರಪಡೆಗಳ ಜೊತೆ ಮಾತಾಡಲು ಒಂದು ಗುಪ್ತ ನಿಯೋಗ ಸಿಲೋನಿನ ಕ್ಯಾಂಡಿಗೆ ಹೋಯಿತು. ಮೌಂಟ್‌ಬ್ಯಾಟನ್ನರ ಸೇನಾ ಕಚೇರಿ ಆಗ ಅಲ್ಲಿತ್ತು. ಹೋದವರಲ್ಲಿ ಥನತ್ ಕೂಡ ಒಬ್ಬರು. ಊರಿನಲ್ಲಿ ಜಪಾನಿ ಸೈನ್ಯ, ಕಾಗದದ ಮೇಲೆ ಜಪಾನಿನ ಸ್ನೇಹ, ಕತ್ತಲಲ್ಲಿ ಜಪಾನಿನ ಶತ್ರುವಿನ ಜೊತೆ ಮಾತು. ಚಿಕ್ಕ ದೇಶ ದೊಡ್ಡವರ ನಡುವೆ ಹೇಗೆ ಬದುಕಿ ಉಳಿಯಬೇಕು ಎಂಬುದರ ಮೊದಲ ಪಾಠ ಅವರಿಗೆ ಸಿಕ್ಕಿದ್ದು ಹೀಗೆ.

ಯುದ್ಧದ ನಂತರದ ನೌಕರಿಯ ವಿವರ ಹೆಚ್ಚು ಹೇಳುವುದಿಲ್ಲ. 1952ರಿಂದ 57ರವರೆಗೆ ವಿಶ್ವಸಂಸ್ಥೆಯಲ್ಲಿ, ಆಮೇಲೆ ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿ ಇದ್ದರು. 1959ರ ಫೆಬ್ರವರಿಯಲ್ಲಿ ಅಲ್ಲಿಂದ ಕರೆಸಿಕೊಂಡು ವಿದೇಶಾಂಗ ಮಂತ್ರಿ ಮಾಡಿದರು. ಅವರಿಗೆ ಆಗ 44 ವರ್ಷ.

ಕರೆಸಿದವರು ಯಾರೆಂಬುದನ್ನು ಮುಚ್ಚಿಡಬಾರದು. ಫೀಲ್ಡ್ ಮಾರ್ಷಲ್ ಸರಿತ್ ಥನರತ್. 1957ರಲ್ಲಿ ಒಮ್ಮೆ, 1958ರಲ್ಲಿ ಇನ್ನೊಮ್ಮೆ ಸೈನ್ಯದ ಬಲದಿಂದ ಅಧಿಕಾರ ಹಿಡಿದವರು. ಸಂವಿಧಾನ ರದ್ದು, ಸಂಸತ್ತು ರದ್ದು, ಪಕ್ಷಗಳು ರದ್ದು. ಅವರು ತಂದ ತಾತ್ಕಾಲಿಕ ಸಂವಿಧಾನದ 17ನೇ ಕಲಮಿನ ಪ್ರಕಾರ ಪ್ರಧಾನಿ ಯಾರನ್ನಾದರೂ ವಿಚಾರಣೆಯಿಲ್ಲದೆ ಗುಂಡಿಕ್ಕಿಸಬಹುದಿತ್ತು, ಹಾಗೆ ಮಾಡಿಸಿದ್ದೂ ಉಂಟು. ಇಂಥ ಮಂತ್ರಿಮಂಡಲದಲ್ಲಿ ಥನತ್ ಕುಳಿತರು. ಸರಿತ್ 1963ರಲ್ಲಿ ತೀರಿಕೊಂಡ ಮೇಲೆ ಥನೋಮ್ ಕಿತ್ತಿಕಚೋರ್ನ್ ಎಂಬ ಇನ್ನೊಬ್ಬ ಸೇನಾಧಿಕಾರಿ ಬಂದರು, ಥನತ್ ಅಲ್ಲಿಯೂ ಮುಂದುವರಿದರು. ಒಟ್ಟು ಹನ್ನೆರಡು ವರ್ಷ ಒಂಬತ್ತು ತಿಂಗಳು. ವಿದ್ಯೆಯುಳ್ಳವರು ಒಳಗಿದ್ದರೆ ದೇಶಕ್ಕೆ ಒಳ್ಳೆಯದು ಎಂದು ಕೆಲವರು ಅನ್ನುತ್ತಾರೆ. ಅವರಂಥವರು ಒಳಗಿದ್ದುದರಿಂದಲೇ ಸರ್ವಾಧಿಕಾರಿಗಳಿಗೆ ಹೊರಗೆ ಮರ್ಯಾದೆ ಸಿಕ್ಕಿತು ಎಂದು ಇನ್ನು ಕೆಲವರು. ನನಗೆ ಎರಡನೆಯ ಮಾತು ಹೆಚ್ಚು ನಿಜ ಅನ್ನಿಸುತ್ತದೆ. ಆದರೂ ಅವರು ಮಾಡಿದ ಕೆಲಸ ಕೆಲಸವೇ.

ಮಂತ್ರಿಯಾದ ಮೊದಲ ವರ್ಷವೇ ಗಡಿ ತಂಟೆ ಎದುರಾಯಿತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗಡಿ ಗೆರೆ ಅಂದರೇನೆಂದು ನಿಮಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ದಂಗ್ರೆಕ್ ಎಂಬ ಬೆಟ್ಟಸಾಲು ಇದೆ. ಅದರ ಒಂದು ತುದಿಯ ಮೇಲೆ ಸಾವಿರ ವರ್ಷದ ಹಳೆಯ ಶಿವಾಲಯ, ಖ್ಮೇರ್ ಅರಸರು ಕಟ್ಟಿಸಿದ್ದು. ದೇವರ ಹೆಸರು ಶಿಖರೇಶ್ವರ. ಕಾಂಬೋಡಿಯಾದವರು ಅದನ್ನು ಪ್ರೇಹ್ ವಿಹಾರ್ ಅನ್ನುತ್ತಾರೆ, ಥಾಯ್ ಜನ ಫ್ರಾ ವಿಹಾನ್ ಅನ್ನುತ್ತಾರೆ. ವಿಹಾರ ಎಂಬ ಶಬ್ದ ಎರಡರಲ್ಲೂ ಇದೆ. ಮೆಟ್ಟಿಲು ಏರಿ ಹೋಗುವ ಹಾದಿ ಥಾಯ್ಲೆಂಡ್ ಕಡೆಯಿಂದ. ಕಾಂಬೋಡಿಯಾ ಕಡೆ ನೆಟ್ಟಗೆ ಕಡಿದ ಬಂಡೆ.

1904ರಲ್ಲಿ ಕಾಂಬೋಡಿಯಾ ಫ್ರೆಂಚರ ಕೈಯಲ್ಲಿತ್ತು. ಫ್ರಾನ್ಸ್ ಮತ್ತು ಸಯಾಮ್, ಅಂದರೆ ಹಳೆಯ ಥಾಯ್ಲೆಂಡ್, ಒಂದು ಕರಾರು ಮಾಡಿಕೊಂಡವು. ಬೆಟ್ಟದ ಮೇಲೆ ಬಿದ್ದ ಮಳೆನೀರು ಎಲ್ಲಿ ಎರಡು ಕಡೆಗೆ ಒಡೆದು ಹರಿಯುತ್ತದೋ ಅದೇ ಗಡಿ. ಸುಲಭದ ಮಾತು. ಆದರೆ ಅದನ್ನು ನಕ್ಷೆಯಲ್ಲಿ ಬರೆಯಬೇಕಲ್ಲ. ಸಯಾಮಿನ ಬಳಿ ನಕ್ಷೆ ಮಾಡುವ ಅನುಕೂಲ ಇರಲಿಲ್ಲ, ಫ್ರೆಂಚ್ ಅಧಿಕಾರಿಗಳಿಗೇ ಆ ಕೆಲಸ ಒಪ್ಪಿಸಿತು. ಅವರು ಅಳೆದು ಪ್ಯಾರಿಸ್ಸಿನಲ್ಲಿ ನಕ್ಷೆ ಅಚ್ಚು ಹಾಕಿಸಿ 1908ರಲ್ಲಿ ಸಯಾಮಿಗೆ ಕಳಿಸಿದರು. ಆ ನಕ್ಷೆಯಲ್ಲಿ ಗೆರೆ ನೀರಿನ ಹಾದಿ ಬಿಟ್ಟು ಸರಿದು, ದೇವಾಲಯ ಕಾಂಬೋಡಿಯಾ ಪಾಲಿಗೆ ಬಿದ್ದಿತ್ತು.

ಸಯಾಮ್ ಆಗ ತಕರಾರು ಮಾಡಿತೇ? ಇಲ್ಲ. ಆಗಿನ ಒಳಾಡಳಿತ ಮಂತ್ರಿ ರಾಜಕುಮಾರ ದಾಮ್ರೋಂಗ್, ನಕ್ಷೆಗೆ ವಂದನೆ ಹೇಳಿ, ತಮ್ಮ ಪ್ರಾಂತಾಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿ ಬೇಕೆಂದು ಕೇಳಿದರು! 1930ರಲ್ಲಿ ಅದೇ ರಾಜಕುಮಾರರು ದೇವಾಲಯ ನೋಡಲು ಹೋದಾಗ ಫ್ರೆಂಚ್ ಅಧಿಕಾರಿ ತಮ್ಮ ಬಾವುಟ ಹಾರಿಸಿ ಅವರನ್ನು ಸ್ವಾಗತಿಸಿದರು. ಆಗಲೂ ಯಾರೂ ಏನೂ ಅನ್ನಲಿಲ್ಲ.

ಕಾಂಬೋಡಿಯಾಕ್ಕೆ ಸ್ವಾತಂತ್ರ್ಯ ಬಂದು ಫ್ರೆಂಚರು ಹೋದ ಮೇಲೆ 1954ರಲ್ಲಿ ಥಾಯ್ ಕಾವಲುಗಾರರು ದೇವಾಲಯದಲ್ಲಿ ನಿಂತರು. ಕಾಂಬೋಡಿಯಾ 1959ರ ಅಕ್ಟೋಬರ್ 6ರಂದು ಹೇಗ್ ಪಟ್ಟಣದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಥಾಯ್ಲೆಂಡಿನ ಪರ ವಾದಿಸಿದವರು ಆ ಹಳೆಯ ಸೇನಿ ಪ್ರಮೋಜ್. ನೀರಿನ ಲೆಕ್ಕ ನೋಡಿ, ಹಾದಿ ನೋಡಿ, ದೇವಾಲಯ ನಮ್ಮದೇ ಎಂಬುದು ಥಾಯ್ ವಾದ. 1962ರ ಜೂನ್ 15ರಂದು ತೀರ್ಪು ಬಂತು. ಒಂಬತ್ತು ನ್ಯಾಯಾಧೀಶರು ಕಾಂಬೋಡಿಯಾ ಪರ, ಮೂವರು ವಿರುದ್ಧ. ನ್ಯಾಯಾಲಯ ಹೇಳಿದ್ದರ ತಿರುಳು ಇಷ್ಟೇ: ನಕ್ಷೆ ನಿಮ್ಮ ಕೈಗೆ ಬಂದಿತ್ತು, ಐವತ್ತು ವರ್ಷ ಸುಮ್ಮನಿದ್ದಿರಿ, ಸುಮ್ಮನಿದ್ದದ್ದೇ ಒಪ್ಪಿಗೆ.

ಬ್ಯಾಂಕಿನ ಗಿರಾಕಿಗಳಿಗೆ ನಾವು ಹೇಳುತ್ತಿದ್ದದ್ದೂ ಇದನ್ನೇ. ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡಾಗ ಕೌಂಟರಿನ ಮುಂದೆಯೇ ಓದಿ ನೋಡಿ, ತಪ್ಪಿದ್ದರೆ ಅಲ್ಲಿಯೇ ಹೇಳಿ ಎಂದು. ಹತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು ಆಮೇಲೆ ತಂದರೆ ಕೇಳುವವರು ಯಾರು? ಸಾತ್‌ಬಾರಾ ಉತಾರೆ ತೆಗೆಸಿದವರಿಗೂ ಇದು ಗೊತ್ತು.

ಬ್ಯಾಂಕಾಕಿನಲ್ಲಿ ಜನ ಬೀದಿಗಿಳಿದರು. ಸರಿತ್ ಸೈನ್ಯದ ಮನುಷ್ಯ, ಬಿಟ್ಟುಕೊಡುವುದು ಅವಮಾನ. ಬಿಡದಿದ್ದರೆ ಜಗತ್ತಿನೆದುರು ಮಾತು ಮುರಿದವರಾಗುತ್ತಾರೆ. ಆಗ ಥನತ್ 1962ರ ಜುಲೈ 6ರಂದು ವಿಶ್ವಸಂಸ್ಥೆಯ ಊ ಥಾಂಟ್ ಅವರಿಗೆ ಒಂದು ಪತ್ರ ಬರೆದರು. ತೀರ್ಪು ನಮಗೆ ಒಪ್ಪಿಗೆಯಿಲ್ಲ, ಆದರೂ ವಿಶ್ವಸಂಸ್ಥೆಯ ಸದಸ್ಯರಾದ್ದರಿಂದ ಪಾಲಿಸುತ್ತೇವೆ, ಮುಂದೆ ಕಾನೂನಿನ ಹಾದಿ ಸಿಕ್ಕರೆ ಹಕ್ಕು ಕಾಯ್ದಿರಿಸಿದ್ದೇವೆ ಎಂಬುದು ಅದರ ಸಾರಾಂಶ. ತಕರಾರು ದಾಖಲಿಸಿ ಹಣ ಕಟ್ಟುವ ಹಾಗೆ. ಥಾಯ್ ಸೈನಿಕರು ಹಾರುತ್ತಿದ್ದ ಬಾವುಟವನ್ನು ಕೆಳಗಿಳಿಸದೆ, ಕಂಬ ಸಮೇತ ಕಿತ್ತು ಹೊತ್ತುಕೊಂಡು ಗಡಿಯ ಈಚೆಗೆ ಬಂದು ಬೇರೆ ಬಂಡೆಯ ಮೇಲೆ ನೆಟ್ಟರು.

ಆ ಕಿಡಿ ಆರಲಿಲ್ಲ. 2008ರಿಂದ 2011ರವರೆಗೆ ಅಲ್ಲಿ ಗುಂಡು ಹಾರಿದವು. 2013ರಲ್ಲಿ ಅದೇ ನ್ಯಾಯಾಲಯ ತನ್ನ ಹಳೆಯ ತೀರ್ಪಿನ ಅರ್ಥವನ್ನು ಮತ್ತೊಮ್ಮೆ ಬಿಡಿಸಿ ಹೇಳಬೇಕಾಯಿತು. 2025ರ ಜುಲೈಯಲ್ಲಿ ಐದು ದಿನ, ಡಿಸೆಂಬರಿನಲ್ಲಿ ಮತ್ತೆ, ಎರಡೂ ಸೈನ್ಯಗಳು ಗಡಿಯುದ್ದಕ್ಕೆ ಕಾದಾಡಿದವು. ಎರಡೂ ಕಡೆಯ ಹಳ್ಳಿಗರು ಲಕ್ಷಗಟ್ಟಲೆ ಊರು ಬಿಟ್ಟರು. ಈ ಹಳ್ಳಿಗಳಲ್ಲಿ ಗಡಿಯ ಈಚೆಗೂ ಖ್ಮೇರ್ ಮಾತಾಡುವ ಥಾಯ್ ಪ್ರಜೆಗಳಿದ್ದಾರೆ ಎಂಬುದನ್ನು ಬಹಳ ಪತ್ರಿಕೆಗಳು ಬರೆಯುವುದಿಲ್ಲ.

ಅದೇ 1962ರ ಮಾರ್ಚಿನಲ್ಲಿ ಥನತ್ ಇನ್ನೊಂದು ದೊಡ್ಡ ಕೆಲಸ ಮಾಡಿದ್ದರು. ಆಗ ಸಿಯಾಟೋ ಎಂಬ ಎಂಟು ದೇಶಗಳ ರಕ್ಷಣಾ ಒಪ್ಪಂದ ಇತ್ತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಪಾಕಿಸ್ತಾನ ಮೊದಲಾದವು ಅದರಲ್ಲಿ. ಕಚೇರಿ ಬ್ಯಾಂಕಾಕಿನಲ್ಲೇ. ಆದರೆ ಪಕ್ಕದ ಲಾವೋಸಿನಲ್ಲಿ ಬೆಂಕಿ ಹತ್ತಿದಾಗ ಎಂಟು ಮಂದಿ ಒಮ್ಮತಕ್ಕೆ ಬರಲೇ ಇಲ್ಲ. ಬೆಂಕಿ ನಮ್ಮ ಮನೆಗೆ ಬಂದಾಗಲೂ ಹೀಗೇ ಸಭೆ ಕೂಡುತ್ತೀರೋ ಎಂಬುದು ಥಾಯ್ಲೆಂಡಿನ ಪ್ರಶ್ನೆ. ಥನತ್ ವಾಷಿಂಗ್ಟನ್ನಿಗೆ ಹೋಗಿ ಅಲ್ಲಿಯ ವಿದೇಶಾಂಗ ಮಂತ್ರಿ ಡೀನ್ ರಸ್ಕ್ ಜೊತೆ ಮಾತಾಡಿ, ಮಾರ್ಚ್ 6ರಂದು ಒಂದು ಜಂಟಿ ಹೇಳಿಕೆ ಹೊರಡಿಸಿದರು. ಥಾಯ್ಲೆಂಡಿನ ಮೇಲೆ ದಾಳಿಯಾದರೆ ಮಿಕ್ಕವರ ಒಪ್ಪಿಗೆಗೆ ಕಾಯದೆ ಅಮೆರಿಕ ತನ್ನ ಕರ್ತವ್ಯ ತಾನು ಮಾಡಬಹುದು ಎಂದು ಅದರಲ್ಲಿತ್ತು.

ಸಾಲದ ಪತ್ರಕ್ಕೆ ಜಾಮೀನು ಹಾಕಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಎಂಟು ಜನ ಒಟ್ಟಾಗಿ ಜಾಮೀನು ಎಂದರೆ ಒಬ್ಬ ಇನ್ನೊಬ್ಬನ ಮುಖ ನೋಡುತ್ತಾನೆ. 'ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ' ಎಂದು ಬರೆದಿದ್ದರೆ ಆಸ್ತಿವಂತನೊಬ್ಬನನ್ನೇ ಹಿಡಿಯಬಹುದು. ಥನತ್ ಆ 'ಪ್ರತ್ಯೇಕವಾಗಿ' ಎಂಬ ಒಂದು ಶಬ್ದ ಬರೆಸಿಕೊಂಡು ಬಂದರು. ಆದರೆ ನೋಡಿ, ಅದು ಅಮೆರಿಕದ ಸೆನೆಟ್ ಒಪ್ಪಿದ ಕರಾರಲ್ಲ, ಇಬ್ಬರು ಮಂತ್ರಿಗಳ ಹೇಳಿಕೆ ಮಾತ್ರ. ಸ್ಟಾಂಪ್ ಪೇಪರಿಲ್ಲದ ಜಾಮೀನು.

ಅದರ ಬೆಲೆಯೂ ಸಣ್ಣದಲ್ಲ. ಉಡೋನ್, ಖೋರಾತ್, ಊ-ತಪಾವ್ ಮುಂತಾದ ಕಡೆ ಅಮೆರಿಕದ ವಿಮಾನಗಳು ಬಂದು ನಿಂತವು. ಅಲ್ಲಿಂದ ಎದ್ದು ವಿಯೆಟ್ನಾಂ, ಲಾವೋಸಿನ ಮೇಲೆ ಬಾಂಬು ಹಾಕಿ ತಿರುಗಿ ಬರುತ್ತಿದ್ದವು. ಥಾಯ್ ಸೈನಿಕರೂ ದಕ್ಷಿಣ ವಿಯೆಟ್ನಾಮಿಗೆ ಹೋದರು. ನೆರೆಮನೆಯವರ ಕಣ್ಣಲ್ಲಿ ಥಾಯ್ಲೆಂಡ್ ಏನಾಯಿತೆಂದು ನೀವೇ ಊಹಿಸಿ.

ಥನತ್ ಅವರಿಗೆ ಇದು ಕಾಣಲಿಲ್ಲವೇ? ಕಂಡಿತ್ತು ಎಂಬುದಕ್ಕೆ ಅವರ ಇನ್ನೊಂದು ಕೆಲಸವೇ ಸಾಕ್ಷಿ. ದೂರದ ಸಾಹುಕಾರನ ಜಾಮೀನಿನ ಜೊತೆಗೆ ಹತ್ತಿರದವರ ಸ್ನೇಹವೂ ಬೇಕು ಎಂದು ಅವರು ಮೊದಲಿನಿಂದ ಹವಣಿಸುತ್ತಿದ್ದರು. 1961ರ ಜುಲೈಯಲ್ಲಿ ಥಾಯ್ಲೆಂಡ್, ಮಲಯ, ಫಿಲಿಪ್ಪೀನ್ಸ್ ಮೂರು ಸೇರಿ ಒಂದು ಚಿಕ್ಕ ಸಂಘ ಕಟ್ಟಿದವು. ಎರಡು ವರ್ಷವೂ ನೆಟ್ಟಗೆ ನಡೆಯಲಿಲ್ಲ. 1963ರಲ್ಲಿ ಮಲೇಷ್ಯಾ ಹುಟ್ಟಿದಾಗ ಸಬಾ ಪ್ರಾಂತ ನಮ್ಮದೆಂದು ಫಿಲಿಪ್ಪೀನ್ಸ್ ಜಗಳ ತೆಗೆಯಿತು. ಇಂಡೋನೇಷ್ಯಾದ ಸುಕಾರ್ನೋ ಮಲೇಷ್ಯಾವನ್ನು ಮೆಟ್ಟುತ್ತೇನೆಂದು ಸೈನಿಕರನ್ನೇ ನುಗ್ಗಿಸಿದರು. 1965ರಲ್ಲಿ ಸಿಂಗಪುರ ಮಲೇಷ್ಯಾದಿಂದ ಬೇರೆಯಾಯಿತು.

ಈ ಎಲ್ಲರ ಜೊತೆ ಜಗಳವಿಲ್ಲದವರು ಥಾಯ್ಲೆಂಡ್ ಒಬ್ಬರೇ. ಥನತ್ ಪಂಚರ ಕೆಲಸಕ್ಕೆ ಕುಳಿತರು. 1966ರ ಬೇಸಿಗೆಯಲ್ಲಿ ಇಂಡೋನೇಷ್ಯಾದ ಹೊಸ ವಿದೇಶಾಂಗ ಮಂತ್ರಿ ಆದಂ ಮಲಿಕ್ ಮತ್ತು ಮಲೇಷ್ಯಾದ ಟುನ್ ಅಬ್ದುಲ್ ರಜಾಕ್ ಬ್ಯಾಂಕಾಕಿಗೆ ಬಂದು ಮಾತಾಡಿದರು, ಆಗಸ್ಟಿನಲ್ಲಿ ಜಕಾರ್ತದಲ್ಲಿ ರಾಜಿಪತ್ರಕ್ಕೆ ಸಹಿ ಬಿತ್ತು. ಈ ರಾಜಿಯ ಔತಣದ ಊಟದಲ್ಲಿ ಥನತ್ ಪಕ್ಕದಲ್ಲಿ ಕುಳಿತ ಆದಂ ಮಲಿಕ್ ಕಿವಿಗೆ ಹೊಸ ಸಂಘದ ಮಾತು ಹಾಕಿದರು. ಮಲಿಕ್ ಹಿಂದೆಮುಂದೆ ನೋಡದೆ ಒಪ್ಪಿದರಂತೆ, ಆದರೆ ತಮ್ಮ ಸೇನಾಧಿಕಾರಿಗಳ ಜೊತೆ ಮಾತಾಡಲು ಸಮಯ ಕೇಳಿದರು. ಥನತ್ ತಮ್ಮ ಕಚೇರಿಯಲ್ಲಿ ಕರಡು ಸಿದ್ಧ ಮಾಡಿಸಿದರು.

1967ರ ಆಗಸ್ಟಿನಲ್ಲಿ ಐವರು ಕೂಡಿದರು. ಇಂಡೋನೇಷ್ಯಾದ ಮಲಿಕ್, ಮಲೇಷ್ಯಾದ ರಜಾಕ್, ಫಿಲಿಪ್ಪೀನ್ಸಿನ ನಾರ್ಸಿಸೋ ರಾಮೋಸ್, ಸಿಂಗಪುರದ ಎಸ್. ರಾಜರತ್ನಂ, ಆತಿಥೇಯ ಥನತ್. ರಾಜರತ್ನಂ ಹುಟ್ಟಿದ್ದು ಸಿಲೋನಿನ ಜಾಫ್ನಾದಲ್ಲಿ, ತಮಿಳು ಮನೆತನ. ಥನತ್ ಇವರನ್ನು ನೇರವಾಗಿ ಸಭಾಭವನಕ್ಕೆ ಕರೆದೊಯ್ಯಲಿಲ್ಲ. ಬ್ಯಾಂಕಾಕಿನಿಂದ ನೂರು ಕಿಲೋಮೀಟರಿನೊಳಗೆ ಇರುವ ಬಾಂಗ್ ಸೇನ್ ಎಂಬ ಸಮುದ್ರತೀರದ ಊರಿಗೆ ಕರೆದೊಯ್ದರು. ನಾಲ್ಕು ದಿನ. ಬೆಳಿಗ್ಗೆ ಗಾಲ್ಫ್ ಆಟ, ಆಮೇಲೆ ಮಾತು, ರಾತ್ರಿ ಊಟ, ನಗೆಚಾಟಿಕೆ. ಕೋಟು ಟೈ ಇಲ್ಲದೆ ಬರೀ ಅಂಗಿಯಲ್ಲಿ ಕುಳಿತು ಮಾತಾಡಿದ ಈ ರೀತಿಗೆ ಆಮೇಲೆ 'ಆಟದಂಗಿಯ ರಾಜನೀತಿ' ಎಂಬ ಹೆಸರೇ ಬಿತ್ತು. ಮನೆಯಲ್ಲಿ ಹೆಣ್ಣು ಗಂಡಿನ ಮಾತುಕತೆ ಮುಗಿಸಿ ಆಮೇಲೆ ಮಂಟಪಕ್ಕೆ ಹೋಗುವ ನಮ್ಮ ಪದ್ಧತಿಯೂ ಇದೇ ಅಲ್ಲವೇ.

ಮಾತು ಸುಲಭವಿರಲಿಲ್ಲ. ಮುಖ್ಯ ತೊಡಕು ಪರದೇಶದ ಸೇನಾ ನೆಲೆಗಳದು. ಇಂಡೋನೇಷ್ಯಾಕ್ಕೆ ಅವು ಬೇಡ, ಥಾಯ್ಲೆಂಡ್ ಮತ್ತು ಫಿಲಿಪ್ಪೀನ್ಸಿನಲ್ಲಿ ಅವು ಇದ್ದವು. ಕೊನೆಗೆ ಇಂಥ ನೆಲೆಗಳು ತಾತ್ಕಾಲಿಕ, ಆಯಾ ದೇಶದ ಒಪ್ಪಿಗೆ ಇರುವಷ್ಟು ಕಾಲ ಮಾತ್ರ ಎಂದು ಬರೆದು ಎಲ್ಲರ ಮುಖ ಉಳಿಸಿದರು. ಆಗಸ್ಟ್ 8ರಂದು ಬ್ಯಾಂಕಾಕಿನ ಸರನ್‌ರೋಮ್ ಅರಮನೆಯಲ್ಲಿ, ಆಗಿನ ವಿದೇಶಾಂಗ ಕಚೇರಿಯಲ್ಲಿ, ಸಹಿ ಹಾಕಿದರು. ಅದೇ ಆಸಿಯಾನ್. ಬರೀ ಐದು ಕಲಮುಗಳ ಪತ್ರ. ಸೈನ್ಯವಿಲ್ಲ, ಕೋರ್ಟಿಲ್ಲ, ದಂಡವಿಲ್ಲ. ವರ್ಷಕ್ಕೊಮ್ಮೆ ವಿದೇಶಾಂಗ ಮಂತ್ರಿಗಳು ಕೂಡಬೇಕು, ಅಷ್ಟೇ. ಸ್ವಂತ ಕಾರ್ಯಾಲಯವೂ ಬಂದದ್ದು 1976ರಲ್ಲಿ. ಇದು ಹಲ್ಲಿಲ್ಲದ ಹಾವು ಎಂದು ನಕ್ಕವರು ಬಹಳ. ಮರುವರ್ಷವೇ ಸಬಾದ ವಿಷಯದಲ್ಲಿ ಮಲೇಷ್ಯಾ, ಫಿಲಿಪ್ಪೀನ್ಸ್ ಮಾತು ಬಿಟ್ಟವು. ಆದರೆ ಸಂಘ ಮುರಿಯಲಿಲ್ಲ, 1969ರ ಕೊನೆಗೆ ಅವರು ಮತ್ತೆ ಮಾತಾಡಿದರು. ಮುಂದೆ ಬ್ರೂನೈ, ವಿಯೆಟ್ನಾಂ, ಲಾವೋಸ್, ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯಾ, 2025ರ ಅಕ್ಟೋಬರಿನಲ್ಲಿ ತಿಮೋರ್-ಲೆಸ್ತೆ ಸೇರಿ ಹನ್ನೊಂದಾದವು. 2025ರ ಜುಲೈಯಲ್ಲಿ ಥಾಯ್ಲೆಂಡಿನ ಹಂಗಾಮಿ ಪ್ರಧಾನಿಯನ್ನೂ ಕಾಂಬೋಡಿಯಾದ ಪ್ರಧಾನಿಯನ್ನೂ ಮಲೇಷ್ಯಾದ ಪುತ್ರಜಯದಲ್ಲಿ ಎದುರುಬದುರು ಕೂರಿಸಿದ್ದು ಆ ವರ್ಷದ ಆಸಿಯಾನ್ ಅಧ್ಯಕ್ಷರಾದ ಮಲೇಷ್ಯಾದ ಪ್ರಧಾನಿಯೇ. ಆ ಕದನವಿರಾಮ ವರ್ಷದ ಕೊನೆಯವರೆಗೆ ನಿಲ್ಲಲಿಲ್ಲ, ಅದೂ ನಿಜ.

1969ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಗುವಾಮ್ ದ್ವೀಪದಲ್ಲಿ ನಿಂತು, ಇನ್ನು ಮುಂದೆ ಏಷ್ಯಾದ ದೇಶಗಳು ತಮ್ಮ ರಕ್ಷಣೆ ತಾವೇ ಹೆಚ್ಚಾಗಿ ನೋಡಿಕೊಳ್ಳಬೇಕು ಎಂದರು. ಜಾಮೀನುದಾರ ಜಾರಿಕೊಳ್ಳುವ ಸೂಚನೆ! ಥನತ್ ಬೇಗ ಅರ್ಥ ಮಾಡಿಕೊಂಡರು. ಹತ್ತು ವರ್ಷ ಅಮೆರಿಕದ ಪರ ನಿಂತ ಮನುಷ್ಯ, ಈಗ ಕಮ್ಯುನಿಸ್ಟ್ ಚೀನಾದ ಜೊತೆ ಮಾತು ಬೆಳೆಸಬೇಕೆಂದು ಹೇಳತೊಡಗಿದರು, ಒಳಗಿಂದೊಳಗೆ ಸುಳಿವೂ ಕಳಿಸಿದರು. ಸೇನಾಧಿಕಾರಿಗಳಿಗೆ ಇದು ರುಚಿಸಲಿಲ್ಲ.

1971ರ ಅಕ್ಟೋಬರ್ 25ರಂದು ಚೀನಾಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನ ಸಿಕ್ಕಿತು. ಮೂರು ವಾರ ಕಳೆದು ನವೆಂಬರ್ 17ರಂದು ಪ್ರಧಾನಿ ಥನೋಮ್ ತಮ್ಮದೇ ಸರ್ಕಾರವನ್ನು ತಾವೇ ಕೆಡವಿ, ಸಂವಿಧಾನ, ಸಂಸತ್ತು ಎರಡನ್ನೂ ಕಿತ್ತುಹಾಕಿದರು. ಥನತ್ ಅವರ ಮಂತ್ರಿಗಿರಿ ಅಲ್ಲಿಗೆ ಹೋಯಿತು. ವಿಚಿತ್ರವೆಂದರೆ ಹತ್ತು ದಿನದ ಮೇಲೆ ಕೌಲಾಲಂಪುರದಲ್ಲಿ ಆಸಿಯಾನ್ ದೇಶಗಳು ತಮ್ಮ ಪ್ರದೇಶ ಶಾಂತಿ, ಸ್ವಾತಂತ್ರ್ಯ, ತಟಸ್ಥತೆಯ ವಲಯವಾಗಬೇಕೆಂದು ಘೋಷಿಸಿದಾಗ ಥಾಯ್ಲೆಂಡಿನ ಪರ ಸಹಿ ಹಾಕಿದವರು ಥನತ್ ಅವರೇ. ಮಂತ್ರಿ ಎಂದಲ್ಲ, ವಿಶೇಷ ದೂತ ಎಂದು. ಹೊರಟಲ್ಲಿಗೇ ತಿರುಗಿ ಬಂದಂತಾಯಿತು.

ಚೀನಾದ ಜೊತೆ ಸಂಬಂಧ ಕೂಡಿದ್ದು 1975ರ ಜುಲೈ 1ರಂದು, ಬೇರೆ ಸರ್ಕಾರದ ಕಾಲದಲ್ಲಿ. ಆ ಮಾತುಕತೆಯಲ್ಲಿ ಓಡಾಡಿದ ಆನಂದ್ ಪನ್ಯಾರಚುನ್ ಎಂಬ ರಾಯಭಾರಿ, ತರುಣರಾಗಿದ್ದಾಗ ಇದೇ ಥನತ್ ಅವರ ಕಾರ್ಯದರ್ಶಿಯಾಗಿದ್ದವರು. 1991ರಲ್ಲಿ ಅವರು ಪ್ರಧಾನಿಯೂ ಆದರು. ದೂತರನ್ನು ಮಂತ್ರಿ ಮಾಡುವ ಚಾಳಿ ಅಲ್ಲಿ ಇಂದಿಗೂ ಉಂಟು. 2025ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಮಂತ್ರಿಯಾದ ಸಿಹಸಕ್ ಫುವಂಗ್‌ಕೇತ್‌ಕೇವ್ ಕೂಡ ನೌಕರಿಯಲ್ಲೇ ಹಣ್ಣಾದ ರಾಯಭಾರಿ.

ಥನತ್ ಮಾತ್ರ ಮನೆಯಲ್ಲಿ ಕೂರಲಿಲ್ಲ. 1979ರಲ್ಲಿ ಡೆಮಾಕ್ರಾಟ್ ಪಕ್ಷದ ಅಧ್ಯಕ್ಷರಾದರು, ಪ್ರೇಮ್ ತಿನ್ಸುಲನೋಂದ್ ಅವರ ಸರ್ಕಾರದಲ್ಲಿ ಉಪಪ್ರಧಾನಿಯಾದರು. ಪಕ್ಷಗಳನ್ನೇ ಅಳಿಸಿಹಾಕಿದ ಸರಿತ್ ಕೈಕೆಳಗೆ ಮಂತ್ರಿಗಿರಿ ಆರಂಭಿಸಿದವರು ಪಕ್ಷ ಕಟ್ಟಿ ಓಟು ಕೇಳುವ ಕೆಲಸಕ್ಕೆ ಬಂದದ್ದು ಅರವತ್ತೈದರ ವಯಸ್ಸಿನಲ್ಲಿ. ಆ ಕೆಲಸ ಅವರಿಗೆ ಅಷ್ಟು ಒಗ್ಗಲಿಲ್ಲವೆಂದು ಕಾಣುತ್ತದೆ, 1982ರಲ್ಲಿ ಪಕ್ಷದ ಮುಂದಾಳುತನ ಬೇರೆಯವರಿಗೆ ಹೋಯಿತು.

ಬಾಂಗ್ ಸೇನ್‌ನ ಐವರಲ್ಲಿ ರಜಾಕ್ 1976ರಲ್ಲಿ, ಮಲಿಕ್ 1984ರಲ್ಲಿ, ರಾಮೋಸ್ 1986ರಲ್ಲಿ, ರಾಜರತ್ನಂ 2006ರಲ್ಲಿ ತೀರಿಕೊಂಡರು. ಥನತ್ ಅವರಿಗಿಂತ ಹತ್ತು ವರ್ಷ ಹೆಚ್ಚು ಬದುಕಿ, 2016ರ ಮಾರ್ಚ್ 3ರಂದು ನೂರೊಂದನೆಯ ವಯಸ್ಸಿನಲ್ಲಿ ಬ್ಯಾಂಕಾಕಿನಲ್ಲಿ ಕಣ್ಣು ಮುಚ್ಚಿದರು.